ದೀಪ ಉರಿದರೆ ಸಾಲದು: ವೃದ್ಧಾಶ್ರಮಗಳಿಗೆ ಬೇಕಾದ ಬದಲಿ ಕರೆಂಟು

ಮೇ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕಡೆಯ ಕೃಷಿಕರಿಗೆ ಪುರುಸೊತ್ತಿಲ್ಲ. ಮಾಡಿನ ಒಡೆದ ಹಂಚು ಬದಲಿಸಬೇಕು, ಕಟ್ಟಿಗೆ ಒಳಗೆ ಸೇರಿಸಬೇಕು, ತೋಟದ ಕಣಿ ಬಿಡಿಸಬೇಕು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಸುಣ್ಣ ಮೈಲುತುತ್ತು ತಂದಿಡಬೇಕು. ಕರೆಂಟು ತಂತಿಗೆ ತಾಗುವ ಗೆಲ್ಲು, ಮಡಲುಗಳನ್ನು ಕಡಿಸಬೇಕು. ಇಷ್ಟೆಲ್ಲ ಮಾಡಿದರೂ ಮೊದಲ ಗಾಳಿ ಮಳೆಗೆ ಎಲ್ಲೋ ಒಂದು ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಕರೆಂಟು ಹೋಗುತ್ತದೆ. ಗಟ್ಟಿಮುಟ್ಟಾದವರಿಗೆ ಅದೊಂದು ಕಿರಿಕಿರಿ ಮಾತ್ರ. ಜಗಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಂಡು ರಾತ್ರಿ ಕಳೆಯುತ್ತೇವೆ.

ಆದರೆ ಹಾಸಿಗೆ ಹಿಡಿದ ಪ್ರಾಯದವರ ವಿಚಾರ ಹಾಗಲ್ಲ. ಮೂಗಿಗೆ ಆಮ್ಲಜನಕದ ನಳಿಗೆ ಇರುವವರು, ಬೆನ್ನು ಹುಣ್ಣಾಗದಂತೆ ಗಾಳಿಹಾಸಿಗೆಯಲ್ಲಿ ಮಲಗಿದವರು, ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವವರು, ಬಾಯಾರಿಕೆಯಾದರೂ ಹೇಳಲು ತಿಳಿಯದವರು ನಮ್ಮ ಆಶ್ರಮಗಳಲ್ಲಿಯೂ ಮನೆಗಳಲ್ಲಿಯೂ ಇದ್ದಾರೆ. 2011ರ ಜನಗಣತಿಯಲ್ಲೇ ಕೇರಳದ ಜನಸಂಖ್ಯೆಯಲ್ಲಿ ನೂರಕ್ಕೆ 12ಕ್ಕಿಂತ ಹೆಚ್ಚು ಮಂದಿ 60 ವರ್ಷ ದಾಟಿದವರಿದ್ದರು. ರಾಜ್ಯಗಳ ಪೈಕಿ ಇದೇ ಅತಿ ಹೆಚ್ಚು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಎಷ್ಟೋ ಮನೆಗಳ ಹಿರಿಯರು ಈಗ ವೃದ್ಧಾಶ್ರಮಗಳ ಆರೈಕೆಯಲ್ಲಿದ್ದಾರೆ. ಹೀಗಿರುವಾಗ "ನಮ್ಮಲ್ಲಿ ಇನ್ವರ್ಟರ್ ಉಂಟು, ಜನರೇಟರೂ ಉಂಟು" ಎಂಬ ಉತ್ತರ ಸಾಕೇ? ಆ ಜನರೇಟರಿಗೆ ಯಾವ ಯಾವ ಉಪಕರಣ ಜೋಡಿಸಲಾಗಿದೆ, ಅದು ಎಷ್ಟು ಹೊತ್ತು ಓಡುತ್ತದೆ, ರಾತ್ರಿ ಎರಡು ಗಂಟೆಗೆ ಅದನ್ನು ಚಾಲೂ ಮಾಡಲು ಯಾರಿಗೆ ಗೊತ್ತು ಎಂದೂ ಕೇಳಬೇಕಾಗಿದೆ. ಈ ಪ್ರಶ್ನೆಗಳನ್ನು ಮೊದಲೇ ಕೇಳದೆ ಹೋದದ್ದರಿಂದ ದೂರದ ಒಂದು ಊರಿನಲ್ಲಿ ಏನಾಯಿತೆಂಬುದನ್ನು ಮೊದಲು ನೋಡೋಣ.

ಫ್ಲೋರಿಡಾದ ಪಾಠ

ಅಮೆರಿಕದ ಫ್ಲೋರಿಡಾ ರಾಜ್ಯ ನಮ್ಮ ಕರಾವಳಿಯಂತೆ ಸೆಕೆಯ ನಾಡು. ಅಲ್ಲಿಯೂ ಪ್ರಾಯದವರ ಸಂಖ್ಯೆ ದೊಡ್ಡದು. 2017ರ ಸೆಪ್ಟೆಂಬರ್ 10ರಂದು 'ಇರ್ಮಾ' ಎಂಬ ಚಂಡಮಾರುತ ಆ ರಾಜ್ಯಕ್ಕೆ ಅಪ್ಪಳಿಸಿತು. ಹಾಲಿವುಡ್ ಎಂಬ ಪಟ್ಟಣದಲ್ಲಿ (ಸಿನಿಮಾದ ಹಾಲಿವುಡ್ ಬೇರೆ, ಇದು ಫ್ಲೋರಿಡಾದ್ದು) ವೃದ್ಧರ ಶುಶ್ರೂಷಾ ಗೃಹವೊಂದಿತ್ತು. ಸುಮಾರು 150 ಮಂದಿ ಅಲ್ಲಿದ್ದರು. ಗಾಳಿಗೆ ಆ ಕಟ್ಟಡದ ಮಾಡು ಹಾರಲಿಲ್ಲ, ನೀರು ನುಗ್ಗಲಿಲ್ಲ, ದೀಪಗಳೂ ಆರಲಿಲ್ಲ. ಕೆಟ್ಟದ್ದು ಒಂದೇ: ಕಟ್ಟಡವನ್ನು ತಂಪಾಗಿಡುವ ಎ.ಸಿ. ಯಂತ್ರಕ್ಕೆ ಕರೆಂಟು ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್.

ಅಲ್ಲಿ ಜನರೇಟರ್ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದಕ್ಕೆ ಎ.ಸಿ.ಯನ್ನು ಜೋಡಿಸಿರಲಿಲ್ಲ. ಆಗಿನ ಕಾನೂನೂ ಅದನ್ನು ಕೇಳುತ್ತಿರಲಿಲ್ಲ. ಸಿಬ್ಬಂದಿ ವಿದ್ಯುತ್ ಕಂಪೆನಿಗೂ ಅಧಿಕಾರಿಗಳಿಗೂ ಫೋನು ಮಾಡುತ್ತಲೇ ಇದ್ದರು. ಫ್ಯಾನುಗಳನ್ನೂ ಚಿಕ್ಕ ತಂಪು ಯಂತ್ರಗಳನ್ನೂ ತಂದಿಟ್ಟರು. ಎ.ಸಿ.ಗೆಂದೇ ಕಟ್ಟಿದ ಮುಚ್ಚಿದ ಕಟ್ಟಡವದು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಮೇಲಂತಸ್ತು ಕಾದ ಒಲೆಯಂತಾಯಿತು. "ಈಗ ರಿಪೇರಿಗೆ ಬರುತ್ತಾರೆ, ಇನ್ನೇನು ಬರುತ್ತಾರೆ" ಎಂದು ಕಾಯುತ್ತಲೇ ಇದ್ದರು. ಸೆಪ್ಟೆಂಬರ್ 13ರ ನಸುಕಿನಲ್ಲಿ ಒಬ್ಬೊಬ್ಬರೇ ಕುಸಿಯತೊಡಗಿದಾಗ ಎಲ್ಲರನ್ನೂ ಹೊರಗೆ ಸಾಗಿಸಲಾಯಿತು. ಕೆಲವರ ಮೈಬಿಸಿ 107 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಒಟ್ಟು 12 ಮಂದಿಯ ಸಾವಿಗೆ ಆ ಸೆಕೆಯೇ ಕಾರಣವೆಂದು ವೈದ್ಯಕೀಯ ತನಿಖೆ ಹೇಳಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಮನೆಯ ಪಕ್ಕದಲ್ಲೇ ಒಂದು ದೊಡ್ಡ ಆಸ್ಪತ್ರೆಯಿತ್ತು. ಅಲ್ಲಿ ಕರೆಂಟೂ ಇತ್ತು, ತಂಪೂ ಇತ್ತು. ಅಷ್ಟು ಹತ್ತಿರದ ಜಾಗಕ್ಕೆ ಹಿರಿಯರನ್ನು ಕರೆದೊಯ್ಯಲು ಮೂರು ದಿನ ಬೇಕಾಯಿತು. "ಇಷ್ಟು ಹೊತ್ತು ಕಾಯುತ್ತೇವೆ, ಆಮೇಲೆ ಹೊರಡುತ್ತೇವೆ" ಎಂದು ಮೊದಲೇ ನಿರ್ಧರಿಸಿ ಅದರಂತೆ ನಡೆದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ಸರಕಾರ ಆ ಸಂಸ್ಥೆಯ ಪರವಾನಗಿ ರದ್ದು ಮಾಡಿತು. ಆಡಳಿತಗಾರನ ಮೇಲೆ ಮೊಕದ್ದಮೆಯೂ ನಡೆಯಿತು. 2023ರಲ್ಲಿ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ಯಾರ ತಪ್ಪೆಷ್ಟು ಎಂಬುದನ್ನು ನಾವು ಇಲ್ಲಿಂದ ತೂಗಲು ಹೋಗುವುದಿಲ್ಲ. ಆ ಸಾವುಗಳಿಂದ ಆ ರಾಜ್ಯ ಕಲಿತದ್ದೇನು ಎಂಬುದೇ ನಮಗೆ ಬೇಕಾದದ್ದು.

ಹೊಸ ಕಾನೂನು ಏನೆಂದಿತು?

ಘಟನೆ ನಡೆದ ವಾರದಲ್ಲೇ ಫ್ಲೋರಿಡಾದ ರಾಜ್ಯಪಾಲರು ತುರ್ತು ಆಜ್ಞೆ ಹೊರಡಿಸಿದರು. 2018ರ ಮಾರ್ಚ್‌ನಲ್ಲಿ ಅದಕ್ಕೆ ಶಾಸನಸಭೆಯ ಒಪ್ಪಿಗೆ ದೊರೆಯಿತು. ವೃದ್ಧರ ಶುಶ್ರೂಷಾ ಗೃಹಗಳಿಗೆ ಅದು ಹೇಳುವ ಮುಖ್ಯ ಮಾತುಗಳು ಇವು:

ಒಂದು, ಕರೆಂಟು ಹೋದ ಬಳಿಕ 96 ಗಂಟೆಗಳ ಕಾಲ, ಅಂದರೆ ನಾಲ್ಕು ದಿನ, ಬದಲಿ ಕರೆಂಟು ಇರಬೇಕು. ಎರಡು, ಅದರಲ್ಲಿ 72 ಗಂಟೆಗೆ ಸಾಕಾಗುವಷ್ಟು ಇಂಧನ ಕಟ್ಟಡದ ಆವರಣದಲ್ಲೇ ಇರಬೇಕು. ಮೂರು, ಹಿರಿಯರಿರುವ ಜಾಗದ ಉಷ್ಣತೆ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನಾಲ್ಕು, ಇಡೀ ಕಟ್ಟಡವನ್ನು ತಂಪಾಗಿಡಬೇಕೆಂದಿಲ್ಲ. ತಲೆಗೆ 30 ಚದರ ಅಡಿಯಂತೆ ಎಲ್ಲರೂ ಸೇರಿ ಇರಬಹುದಾದ ಜಾಗ ತಂಪಾಗಿದ್ದರೆ ಸಾಕು.

ಈ ಅಂಕೆಗಳನ್ನು ಹಾಗೆಯೇ ನಮ್ಮೂರಿಗೆ ತರಲಾಗದು. ಮೇ ತಿಂಗಳಲ್ಲಿ ನಮ್ಮಲ್ಲಿ 27 ಡಿಗ್ರಿ ಎಂದರೆ ಬೆಳಗಿನ ಜಾವದ ತಂಪು! ನಮ್ಮ ಆಶ್ರಮಗಳಿಗೆ ಕಿಟಕಿಗಳಿವೆ, ಅನೇಕ ಕಡೆ ಹಂಚಿನ ಮಾಡಿದೆ, ಸುತ್ತ ಮರಗಳಿವೆ. ಆದರೆ ಆ ಕಾನೂನಿನ ಹಿಂದಿರುವ ವಿಚಾರ ನಮಗೂ ಸಲ್ಲುತ್ತದೆ. ಅದು ದೀಪಗಳನ್ನು ಲೆಕ್ಕ ಹಾಕಲಿಲ್ಲ, ಮನುಷ್ಯರ ಮೈಗೆ ಏನು ಬೇಕೆಂದು ಲೆಕ್ಕ ಹಾಕಿತು. ನಾಲ್ಕು ದಿನವೆಂಬುದೂ ಅತಿಯಲ್ಲ. 2018ರ ಆಗಸ್ಟಿನ ನೆರೆಯಲ್ಲಿ ಕೇರಳದ ಲಕ್ಷಗಟ್ಟಲೆ ಮನೆಗಳು ಕತ್ತಲಲ್ಲಿದ್ದವು. ಅದೇ ವರ್ಷದ ನವೆಂಬರಿನ 'ಗಜ' ಚಂಡಮಾರುತದ ಬಳಿಕ ತಮಿಳುನಾಡಿನ ಕಾವೇರಿ ಬಯಲಿನಲ್ಲಿ, 2019ರ ಮೇ ತಿಂಗಳ 'ಫೋನಿ'ಯ ಬಳಿಕ ಒಡಿಶಾದ ಪುರಿಯಲ್ಲಿ ಅನೇಕರಿಗೆ ವಾರಗಟ್ಟಲೆ ಕರೆಂಟಿರಲಿಲ್ಲ. 2021ರ ಮೇಯಲ್ಲಿ 'ತೌಕ್ತೆ' ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು.

ಪ್ರಾಯದವರಿಗೆ ಸೆಕೆ ಏಕೆ ಅಪಾಯ?

ಎಳೆಯ ಮೈ ಸೆಕೆಯಾದೊಡನೆ ಬೆವರುತ್ತದೆ, ಬಾಯಾರುತ್ತದೆ. ಪ್ರಾಯವಾದಂತೆ ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ಹೃದಯಕ್ಕೆ ರಕ್ತವನ್ನು ಚರ್ಮದ ಕಡೆಗೆ ತಳ್ಳಿ ಮೈ ತಣಿಸುವ ಶಕ್ತಿ ಕುಗ್ಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೋಗಿಸುವ ಮಾತ್ರೆ ತಿನ್ನುವವರ ಮೈಯ ನೀರು ಬೇಗ ಇಳಿಯುತ್ತದೆ. ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಬೆವರನ್ನೇ ತಡೆಯುತ್ತವೆ. ಮರೆವಿನ ರೋಗದವರು ದಪ್ಪ ಹೊದಿಕೆ ಹೊದ್ದು ಮಲಗಿದ್ದರೂ ಸೆಕೆಯಾಗುತ್ತಿದೆ ಎನ್ನಲಾರರು.

ನಮ್ಮಲ್ಲಿ ಮಳೆ ಹಿಡಿಯುವ ಮುಂಚಿನ ದಿನಗಳೇ ಕಠಿಣ. ಗುಡುಗು ಗಾಳಿಗೆ ಕರೆಂಟು ಹೋಗುವುದೂ ಗಾಳಿಯಲ್ಲಿ ನೀರಿನಂಶ ಹೆಚ್ಚಿ ಬೆವರು ಆರದಿರುವುದೂ ಒಂದೇ ಹೊತ್ತಿಗೆ. ಇಂಥ ಹೊತ್ತಿನಲ್ಲಿ ಅಜ್ಜ ಅಜ್ಜಿಯರು ಅಸಂಬದ್ಧ ಮಾತಾಡತೊಡಗಿದರೆ, ಮೈ ಮುಟ್ಟಿದರೆ ಸುಡುತ್ತಿದ್ದರೆ, ಮೂತ್ರ ತೀರ ಕಡಿಮೆಯಾದರೆ, ಕರೆದರೂ ಕಣ್ಣು ಬಿಡದಿದ್ದರೆ "ಮಲಗಲಿ ಬಿಡಿ" ಎನ್ನಬಾರದು. ಗಾಳಿ ಬರುವ ಕಡೆ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಾ ಗಾಳಿ ಹಾಕಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ಯಬಾರದು. ತಡಮಾಡದೆ 108ಕ್ಕೆ ಫೋನು ಮಾಡಬೇಕು.

ಮೊದಲು ಪಟ್ಟಿ, ಆಮೇಲೆ ಯಂತ್ರ

ಜನರೇಟರ್ ಕೊಳ್ಳುವ ಮುಂಚೆ ಒಂದು ಕಾಗದ ತೆಗೆದುಕೊಂಡು ಮೂರು ಪಟ್ಟಿ ಮಾಡಬೇಕೆಂಬುದು ನಮ್ಮ ಸಲಹೆ.

ಮೊದಲ ಪಟ್ಟಿ: ಒಂದು ನಿಮಿಷವೂ ನಿಲ್ಲಬಾರದವು. ಆಮ್ಲಜನಕ ಯಂತ್ರ, ಕಫ ತೆಗೆಯುವ ಸಕ್ಷನ್ ಯಂತ್ರ, ಮೆಟ್ಟಿಲು ಮತ್ತು ಶೌಚಾಲಯದ ದೀಪ. ಕತ್ತಲೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಪ್ರಾಯದವರಿಗೆ ಸಣ್ಣ ಸಂಗತಿಯಲ್ಲ.

ಎರಡನೆಯ ಪಟ್ಟಿ: ಒಂದೆರಡು ಗಂಟೆಯಲ್ಲಿ ಬೇಕಾಗುವವು. ಫ್ಯಾನು, ಗಾಳಿಹಾಸಿಗೆಯ ಪಂಪು, ನೆಬುಲೈಸರ್, ಫೋನು ಚಾರ್ಜು ಮಾಡುವ ಜಾಗ.

ಮೂರನೆಯ ಪಟ್ಟಿ: ದಿನಕ್ಕೆ ಕೆಲವು ಗಂಟೆ ಸಿಕ್ಕಿದರೆ ಸಾಕಾಗುವವು. ನೀರಿನ ಪಂಪು, ಔಷಧದ ಫ್ರಿಜ್ಜು, ಮಿಕ್ಸಿ. ಟಿ.ವಿ., ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಯಾವ ಪಟ್ಟಿಯಲ್ಲೂ ಬೇಡ.

ಈಗ ಲೆಕ್ಕಕ್ಕೆ ಬರೋಣ. 20 ಮಂದಿ ಇರುವ ಒಂದು ಚಿಕ್ಕ ಆಶ್ರಮವೆಂದು ಇಟ್ಟುಕೊಳ್ಳಿ. ಹಳೆಯ ಸೀಲಿಂಗ್ ಫ್ಯಾನಿಗೆ 70ರಿಂದ 75 ವಾಟ್ ಬೇಕು. ಈಗ ಬರುವ ಬಿ.ಎಲ್.ಡಿ.ಸಿ. ಫ್ಯಾನಿಗೆ 30 ವಾಟ್ ಸಾಕು. ಫ್ಯಾನು ಬದಲಿಸುವುದೆಂದರೆ ಅರ್ಧ ಜನರೇಟರ್ ಕೊಂಡಂತೆಯೇ ಸರಿ. 10 ಫ್ಯಾನಿಗೆ 300 ವಾಟ್, 9 ವಾಟಿನ 12 ಎಲ್.ಇ.ಡಿ. ದೀಪಗಳಿಗೆ 108, ನಿಮಿಷಕ್ಕೆ 5 ಲೀಟರ್ ಕೊಡುವ ಒಂದು ಆಮ್ಲಜನಕ ಯಂತ್ರಕ್ಕೆ ಸುಮಾರು 350, ನಾಲ್ಕು ಗಾಳಿಹಾಸಿಗೆಗೆ 40, ಫ್ರಿಜ್ಜಿಗೆ ಸರಾಸರಿ 50. ಒಟ್ಟು ಸುಮಾರು 850 ವಾಟ್.

12 ವೋಲ್ಟಿನ, 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಕರೆಂಟಿದೆ. ಕೈಗೆ ದಕ್ಕುವುದು ಹೆಚ್ಚೆಂದರೆ 1.2 ಯೂನಿಟ್. ಎರಡು ಬ್ಯಾಟರಿಯಿದ್ದರೆ 2.4 ಯೂನಿಟ್. ಮೇಲಿನ ಹೊರೆಗೆ ಅದು ಮೂರು ಗಂಟೆಯೂ ಬಾರದು. ಬ್ಯಾಟರಿ ಹಳತಾಗಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಇನ್ವರ್ಟರ್ ಇದೆಯೆಂದು ರಾತ್ರಿಯಿಡೀ ನೆಚ್ಚಿಕೊಂಡು ಮಲಗುವಂತಿಲ್ಲ. ಬರಿದಾದ ಬ್ಯಾಟರಿ ತಿರುಗಿ ತುಂಬಲು ಏಳೆಂಟು ಗಂಟೆ ಬೇಕು. ಒಂದು ಗಂಟೆ ಜನರೇಟರ್ ಓಡಿಸಿದರೆ ತುಂಬುವುದಿಲ್ಲ.

ಜನರೇಟರಿನ ಮಾತು. 850 ವಾಟಿಗೆ ಚಿಕ್ಕದೇ ಸಾಕಲ್ಲ ಎನಿಸಬಹುದು. ಆದರೆ 1 ಎಚ್.ಪಿ. ಪಂಪು ಹೊರಡುವ ಕ್ಷಣದಲ್ಲಿ ತನ್ನ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ತೋಟದ ಪಂಪು ನಡೆಸುವವರಿಗೆ ಇದು ಗೊತ್ತಿರುವ ವಿಷಯ. ಹಾಗಾಗಿ ಇಂಥ ಮನೆಗೆ 5 ಕೆ.ವಿ.ಎ. ಡೀಸೆಲ್ ಜನರೇಟರ್ ಹೊಂದುತ್ತದೆ. ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್ ಎಂದು ಲೆಕ್ಕ ಹಿಡಿದರೆ ನಾಲ್ಕು ದಿನ ಬಿಡದೆ ಓಡಿಸಲು 96 ಲೀಟರ್ ಬೇಕು. ಇದನ್ನು ಕಡಿಮೆ ಮಾಡಲು ದಾರಿಯಿದೆ. ಏಳು ಗಂಟೆ ಜನರೇಟರ್, ಆಮೇಲೆ ಐದು ಗಂಟೆ ಇನ್ವರ್ಟರ್, ಹೀಗೆ ದಿನಕ್ಕೆರಡು ಸರದಿ. ಜನರೇಟರ್ ಓಡುವಾಗ ಬ್ಯಾಟರಿ ತುಂಬುತ್ತದೆ, ನೀರೂ ಟ್ಯಾಂಕಿಗೆ ಏರುತ್ತದೆ. ಇನ್ವರ್ಟರ್ ಹೊತ್ತಿನಲ್ಲಿ ಆಮ್ಲಜನಕ ಯಂತ್ರ ನಿಲ್ಲಿಸಿ ಸಿಲಿಂಡರ್ ಬಳಸಿದರೆ ಹೊರೆ 500 ವಾಟಿಗೆ ಇಳಿಯುತ್ತದೆ, ಎರಡು ಬ್ಯಾಟರಿ ಸುಮಾರು ಐದು ಗಂಟೆ ಬರುತ್ತದೆ. ಆಗ ದಿನಕ್ಕೆ 14 ಲೀಟರ್, ನಾಲ್ಕು ದಿನಕ್ಕೆ 56 ಲೀಟರ್ ಸಾಕು.

ಇಷ್ಟು ಡೀಸೆಲ್ ಇಟ್ಟುಕೊಳ್ಳಲು ಪರವಾನಗಿಯ ಭಯ ಬೇಡ. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕಾಗುವುದು ಡೀಸೆಲ್ 2,500 ಲೀಟರ್ ಮೀರಿದಾಗ ಅಥವಾ ಒಂದೇ ಪಾತ್ರೆಯಲ್ಲಿ 1,000 ಲೀಟರಿಗಿಂತ ಹೆಚ್ಚಿದ್ದಾಗ. ಆದರೆ ಅಡುಗೆ ಕೋಣೆಯಿಂದ, ಮಲಗುವ ಕೋಣೆಯಿಂದ ದೂರ, ಬಿಸಿಲು ಬೀಳದ ಕಡೆ, ಬಾಯಿ ಭದ್ರವಾದ ಕ್ಯಾನುಗಳಲ್ಲಿ ಇಡಬೇಕು. ವರ್ಷಗಟ್ಟಲೆ ಇಟ್ಟ ಡೀಸೆಲಿನಲ್ಲಿ ನೀರು ಸೇರಿ ಪಾಚಿ ಹಿಡಿಯುತ್ತದೆ. ಪ್ರತಿ ಆರು ತಿಂಗಳಿಗೊಮ್ಮೆ ಹಳೆಯದನ್ನು ಊರಿನ ಯಾರಾದರೂ ಕೃಷಿಕರ ಟಿಲ್ಲರಿಗೋ ಪಂಪುಸೆಟ್ಟಿಗೋ ಕೊಟ್ಟು ಹೊಸದು ತುಂಬಿಸಿದರೆ ಇಬ್ಬರಿಗೂ ನಷ್ಟವಿಲ್ಲ.

ಸೋಲಾರ್ ಇದೆಯಲ್ಲ ಎನ್ನುವವರಿಗೆ

2024ರಲ್ಲಿ ಕೇಂದ್ರ ಸರಕಾರ ಮನೆ ಮಾಡಿನ ಸೋಲಾರಿಗೆ ಸಬ್ಸಿಡಿ ಯೋಜನೆ ತಂದ ಮೇಲೆ ನಮ್ಮ ಕಡೆಯೂ ಫಲಕಗಳು ಹೆಚ್ಚುತ್ತಿವೆ. ಒಳ್ಳೆಯದೇ. ಆದರೆ ಒಂದು ವಿಷಯ ಅನೇಕರಿಗೆ ತಿಳಿದಿಲ್ಲ. ಬ್ಯಾಟರಿಯಿಲ್ಲದೆ ನೇರವಾಗಿ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಮನೆಗೆ ಕರೆಂಟಿಲ್ಲ! ಇದು ಯಂತ್ರದ ದೋಷವಲ್ಲ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮ್ಯಾನಿಗೆ ನಮ್ಮ ಮಾಡಿನ ಕರೆಂಟು ಹೊಡೆಯಬಾರದೆಂದು ಮಾಡಿದ ವ್ಯವಸ್ಥೆ. ಆಶ್ರಮಕ್ಕೆ ಸೋಲಾರ್ ಹಾಕಿಸುವವರು ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು. ಮಳೆಗಾಲದ ಮೋಡದಲ್ಲಿ ಅದರ ಫಲ ಇಳಿಯುವುದರಿಂದ ಜನರೇಟರನ್ನು ಪೂರ್ತಿ ಬಿಡುವಂತಿಲ್ಲ.

ಜನರೇಟರ್ ಎಲ್ಲಿಡಬೇಕು?

ನೀರು ನಿಲ್ಲುವ ಕಡೆ ಬೇಡ. 2012ರ ಅಕ್ಟೋಬರಿನಲ್ಲಿ 'ಸ್ಯಾಂಡಿ' ಚಂಡಮಾರುತ ಬಂದಾಗ ನ್ಯೂಯಾರ್ಕಿನ ಒಂದು ಹೆಸರಾಂತ ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿ ಬದಲಿ ಕರೆಂಟು ನಿಂತುಹೋಯಿತು. ಸುಮಾರು 300 ರೋಗಿಗಳನ್ನು ರಾತ್ರೋರಾತ್ರಿ ಮೆಟ್ಟಿಲಿಳಿಸಿ ಸಾಗಿಸಬೇಕಾಯಿತು. ತೋಡಿನ ಬದಿಯ ಆಶ್ರಮಗಳವರು ಜನರೇಟರಿಗೆ ಎತ್ತರದ ಕಟ್ಟೆ ಕಟ್ಟಿಸಬೇಕು. ಇನ್ವರ್ಟರ್ ಬ್ಯಾಟರಿಯನ್ನೂ ನೆಲದ ಮೇಲಿಡಬಾರದು.

ಮಳೆಗೆ ಚಂಡಿಯಾಗುತ್ತದೆಂದು ಜನರೇಟರನ್ನು ವರಾಂಡಕ್ಕೆ ಎಳೆದು ತರುವುದು ಇನ್ನೂ ಅಪಾಯ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಹೊರಮುಖವಾಗಿರುವಂತೆ, ಮೇಲೆ ತಗಡಿನ ಮಾಡು ಹಾಕಿ ಸುತ್ತಲೂ ತೆರೆದೇ ಇಡಬೇಕು.

ಜನರೇಟರಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸಿ ಮನೆಗೆ ಕರೆಂಟು ಕೊಡುವ ಜಾಣತನ ಬೇಡವೇ ಬೇಡ. ಆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಹಾದು ದೊಡ್ಡ ಲೈನಿಗೆ ಏರುತ್ತದೆ. ಮಳೆಯಲ್ಲಿ ನೆನೆದುಕೊಂಡು ನಮಗಾಗಿ ಲೈನು ಸರಿಪಡಿಸುವ ಮನುಷ್ಯ ಅದಕ್ಕೆ ಬಲಿಯಾಗಬಹುದು. ಲೈಸೆನ್ಸಿರುವ ವಯರ್‌ಮ್ಯಾನಿಂದ ಚೇಂಜ್ ಓವರ್ ಸ್ವಿಚ್ ಹಾಕಿಸಬೇಕು. ಜನರೇಟರಿನ ಅರ್ತಿಂಗ್ ಸರಿಯಿದೆಯೇ ಎಂದೂ ನೋಡಿಸಬೇಕು.

ಕರೆಂಟಿಲ್ಲದೆಯೂ ನಡೆಯುವಂಥವು

ಯಂತ್ರವೆಂದ ಮೇಲೆ ಕೆಡುವುದು ಇದ್ದದ್ದೇ. ಆದ್ದರಿಂದ ಕರೆಂಟು ಬೇಡದ ದಾರಿಗಳೂ ಕೈಯಲ್ಲಿರಬೇಕು.

ನೀರು: ಕೊಳವೆಬಾವಿ ಬಂದ ಮೇಲೆ ಎಷ್ಟೋ ಕಡೆ ತೆರೆದ ಬಾವಿಯ ರಾಟೆ, ಹಗ್ಗ ಮೂಲೆ ಸೇರಿವೆ. ಅವನ್ನು ತಿರುಗಿ ಹಾಕಿ. ಹಾಸಿಗೆ ಹಿಡಿದವರಿರುವಲ್ಲಿ ನೀರು ತಪ್ಪಿದರೆ ಒಂದೇ ದಿನದಲ್ಲಿ ರೋಗ ಹರಡುತ್ತದೆ.

ಆಮ್ಲಜನಕ: 7,000 ಲೀಟರಿನ ದೊಡ್ಡ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಒಬ್ಬರಿಗೆ ಸುಮಾರು 58 ಗಂಟೆ ಬರುತ್ತದೆ. 1,500 ಲೀಟರಿನ ಚಿಕ್ಕದು 12 ಗಂಟೆ ಬರುತ್ತದೆ. ಚಿಕ್ಕದೊಂದಿದ್ದರೆ ಆಸ್ಪತ್ರೆಗೆ ಸಾಗಿಸುವಾಗಲೂ ಅನುಕೂಲ. ಕೀಲಿ ಮತ್ತು ರೆಗ್ಯುಲೇಟರನ್ನು ಸಿಲಿಂಡರಿಗೇ ಕಟ್ಟಿಡಿ. ಆಮ್ಲಜನಕ ಇರುವ ಕೋಣೆಯಲ್ಲಿ ಚಿಮಿಣಿ ದೀಪವಾಗಲಿ ಮೊಂಬತ್ತಿಯಾಗಲಿ ಹಚ್ಚಬಾರದು. ಪೀಠದ ಮುಂದೆ ಹಚ್ಚುವ ಬತ್ತಿಗೂ ಇದೇ ನಿಯಮ. ಆ ಕೋಣೆಗೆ ಬ್ಯಾಟರಿ ಟಾರ್ಚೇ ಸರಿ.

ಇನ್ಸುಲಿನ್: ಬಳಕೆಯಲ್ಲಿರುವ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡದು. ತೆರೆಯದ ಬಾಟಲಿಗಳನ್ನು ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯದೆ ಕಾಪಾಡಬೇಕು. ಫ್ರಿಜ್ಜು ಪೂರ್ತಿ ನಿಂತರೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ಕೆಲವು ದಿನ ಸಹಾಯಕ್ಕೆ ಬರುತ್ತದೆ. ಮಂಜುಗಡ್ಡೆಗೆ ನೇರ ತಾಗಿಸಬಾರದು.

ಗಾಳಿಹಾಸಿಗೆ: ಪಂಪು ನಿಂತರೆ ಗಾಳಿ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಸರದಿ ಹಾಕಿಕೊಳ್ಳಬೇಕು.

ಸೆಕೆ: ಎಲ್ಲರನ್ನೂ ಅವರವರ ಕೋಣೆಯಲ್ಲೇ ಬಿಡದೆ ಹೆಚ್ಚು ಗಾಳಿಯಾಡುವ ಒಂದು ಚಾವಡಿಗೆ ತನ್ನಿ. ಇರುವ ನಾಲ್ಕು ಫ್ಯಾನು ಅಲ್ಲೇ ಓಡಲಿ. ತಾರಸಿಯ ಕೆಳಗಿನ ಮೇಲಂತಸ್ತು ಖಾಲಿಯಿರಲಿ. ಗಂಟೆಗೊಮ್ಮೆ ಕೇಳದಿದ್ದರೂ ಕುಡಿಯಲು ಕೊಡಿ: ಗಂಜಿ ತಿಳಿ, ಮಜ್ಜಿಗೆ, ಎಳನೀರು. ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆಯವರಿಗೆ ಎಷ್ಟು ಕೊಡಬಹುದೆಂದು ಡಾಕ್ಟರರಿಂದ ಮೊದಲೇ ಬರೆಸಿಟ್ಟುಕೊಳ್ಳಿ.

ಯಾವಾಗ ಹೊರಡಬೇಕು?

ಫ್ಲೋರಿಡಾದ ಕತೆಯಲ್ಲಿ ಕಾಯುತ್ತಾ ಕೂತದ್ದೇ ಕೊನೆಗೆ ಮುಳುವಾಯಿತು. ಆದ್ದರಿಂದ ಹೊರಡುವ ಗೆರೆಯನ್ನು ಮಳೆ ಬರುವ ಮೊದಲೇ ಎಳೆಯಬೇಕು. "ಜನರೇಟರ್ ಕೆಟ್ಟು ಮೂರು ಗಂಟೆಯಲ್ಲಿ ಸರಿಯಾಗದಿದ್ದರೆ", "ಸಿಲಿಂಡರ್ ಅರ್ಧಕ್ಕಿಳಿದರೆ", "ಒಬ್ಬರಿಗೆ ಸೆಕೆಯ ಬಾಧೆ ಕಂಡರೆ" ಎಂಬಂತೆ ಸ್ಪಷ್ಟವಾಗಿ ಬರೆದು ಗೋಡೆಗೆ ಅಂಟಿಸಿ. ಆ ಗೆರೆ ಮುಟ್ಟಿದಾಗ ರಾತ್ರಿಪಾಳಿಯಲ್ಲಿರುವ ಚಿಕ್ಕ ನರ್ಸಮ್ಮನೂ ಯಾರ ಅಪ್ಪಣೆಗೂ ಕಾಯದೆ ಫೋನು ಎತ್ತುವಂತಿರಬೇಕು.

ಎಲ್ಲಿಗೆ ಹೊರಡುವುದು? ಹತ್ತಿರದ ಆಸ್ಪತ್ರೆ, ಇನ್ನೊಂದು ಆಶ್ರಮ, ಶಾಲೆ ಅಥವಾ ಸಭಾಭವನ, ಇವರೊಂದಿಗೆ ಮಾತಾಡಿ ಒಪ್ಪಿಗೆ ಪತ್ರ ಮಾಡಿಟ್ಟುಕೊಳ್ಳಿ. ಮರ ಬಿದ್ದು ಒಂದು ದಾರಿ ಮುಚ್ಚಿದರೆ ಇನ್ನೊಂದು ಯಾವುದು? ಜೀಪು ಯಾರಲ್ಲಿದೆ, ಮರ ಕಡಿಯುವ ಯಂತ್ರ ಯಾರಲ್ಲಿದೆ? ಇದು ನಮ್ಮ ವಾಳೆಯ ಗುರ್ಕಾರರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ಪಂಚಾಯತಿನ ಪಾಲಿಯೇಟಿವ್ ನರ್ಸಿಗೂ ಸೆಕ್ಷನ್ ಆಫೀಸಿನ ವಿದ್ಯುತ್ ಅಧಿಕಾರಿಗೂ "ಇಲ್ಲಿ ಆಮ್ಲಜನಕದ ಮೇಲಿರುವವರಿದ್ದಾರೆ" ಎಂದು ಲಿಖಿತವಾಗಿ ತಿಳಿಸಿಡಿ. ಕರೆಂಟು ದೂರಿನ ನಂಬರು 1912. ಪ್ರತಿಯೊಬ್ಬ ಹಿರಿಯರಿಗೂ ಒಂದು ಚೀಟಿ ಬರೆದಿಡಿ: ಹೆಸರು, ಕಾಯಿಲೆ, ತಿನ್ನುವ ಔಷಧ, ಮನೆಯವರ ಫೋನು. ಸಾಗಿಸುವಾಗ ಅದು ಅವರ ಅಂಗಿಯ ಜೇಬಿನಲ್ಲಿರಲಿ.

ಮನೆಯಲ್ಲೇ ಪ್ರಾಯದವರನ್ನು ನೋಡಿಕೊಳ್ಳುವವರಿಗೂ ಇದರಲ್ಲಿ ಬಹುಪಾಲು ಸಲ್ಲುತ್ತದೆ. ಒಂದು ಚಿಕ್ಕ ಸಿಲಿಂಡರ್, ಒಳ್ಳೆಯ ಬ್ಯಾಟರಿ, ಎರಡು ಟಾರ್ಚು, ನೆರೆಮನೆಯವರ ಫೋನ್ ನಂಬರು: ಇಷ್ಟಿದ್ದರೂ ಒಂದು ರಾತ್ರಿ ದಾಟಬಹುದು.

ಒಂದು ಸಂಜೆಯ ಪರೀಕ್ಷೆ

ಜನರೇಟರನ್ನು ತಿಂಗಳಿಗೊಮ್ಮೆ ಅರ್ಧ ಗಂಟೆಯಾದರೂ ಹೊರೆ ಕೊಟ್ಟು ಓಡಿಸಬೇಕು. ಖಾಲಿ ಓಡಿಸಿ "ಸದ್ದು ಸರಿಯಿದೆ" ಎಂದರೆ ಪ್ರಯೋಜನವಿಲ್ಲ. ಅದರ ಬ್ಯಾಟರಿ, ಎಂಜಿನ್ ಆಯಿಲ್, ಡೀಸೆಲ್ ಮಟ್ಟ ನೋಡಿ ಪುಸ್ತಕದಲ್ಲಿ ತಾರೀಕು ಹಾಕಬೇಕು. ಚಾಲೂ ಮಾಡಲು ಕನಿಷ್ಠ ಮೂವರು ಕಲಿತಿರಬೇಕು. ಒಬ್ಬರು ರಜೆಯಲ್ಲಿದ್ದರೆ, ಇನ್ನೊಬ್ಬರು ಜ್ವರದಲ್ಲಿ ಮಲಗಿದ್ದರೆ ಮೂರನೆಯವರು ಇರಬೇಕಲ್ಲ!

ಇದರ ಜೊತೆಗೆ ಮಳೆಗಾಲ ಹಿಡಿಯುವ ಮುಂಚೆ ಒಂದು ಸಂಜೆ ಏಳು ಗಂಟೆಗೆ, ಹಿರಿಯರಿಗೆ ಮೊದಲೇ ತಿಳಿಸಿ, ಮೈನ್ ಸ್ವಿಚ್ ಒಂದು ಗಂಟೆ ಕೆಳಗೆ ಮಾಡಿ. ಆಮ್ಲಜನಕದ ಮೇಲಿರುವವರನ್ನು ಅದಕ್ಕೆ ಮುಂಚೆ ಸಿಲಿಂಡರಿಗೆ ಹಾಕಿ, ಪಕ್ಕದಲ್ಲಿ ಒಬ್ಬರು ಕೂತಿರಲಿ. ಆಮೇಲೆ ಕಾಗದ ಹಿಡಿದು ಕೋಣೆ ಕೋಣೆ ಸುತ್ತಿ. ಯಾವ ದೀಪ ಉರಿಯಲಿಲ್ಲ, ಯಾವ ಫ್ಯಾನು ನಿಂತಿತು, ಯಾವ ಪ್ಲಗ್ಗಿಗೆ ಕರೆಂಟು ಬರಲಿಲ್ಲ, ಜನರೇಟರ್ ಹೊರಡಲು ಎಷ್ಟು ನಿಮಿಷ ಹಿಡಿಯಿತು ಎಲ್ಲವನ್ನೂ ಬರೆದುಕೊಳ್ಳಿ. ಮರುದಿನ ವಯರ್‌ಮ್ಯಾನನ್ನು ಕರೆಸಿ ಆ ಕಾಗದವನ್ನು ಕೈಗೆ ಕೊಡಿ. ಮುಂಗಾರು ಕೇರಳಕ್ಕೆ ಕಾಲಿಡುವುದು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ. ಅದಕ್ಕೆ ಮುಂಚೆ ಈ ಕೆಲಸ ಮುಗಿದಿರಲಿ.